ಒಂದೇ ಸೊಪ್ಪು, ಒಬ್ಬನೇ ಸಾಕುವವನು



ಅಲ್ಲಾಹನ ಪ್ರೀತಿಗೆ ಪ್ರಕೃತಿಯಲ್ಲಿ ಏನು ದೃಷ್ಟಾಂತವಿದೆ ಎಂದು ಕೇಳಿದರೆ ನಾವು ಸಾಮಾನ್ಯವಾಗಿ ಆಕಾಶದ ಕಡೆಗೆ, ಸಮುದ್ರದ ಕಡೆಗೆ ಕೈ ತೋರಿಸುತ್ತೇವೆ. ಅವು ದೊಡ್ಡ ದೃಷ್ಟಾಂತಗಳೇ, ಸಂಶಯವಿಲ್ಲ. ಆದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯಲ್ಲಿ ಸಮುದ್ರವಿಲ್ಲ. ವರ್ಷವಿಡೀ ಹರಿಯುವ ನದಿಯೂ ಇಲ್ಲ. ಊರಿನ ಹೆಸರಿನಲ್ಲಿ ತೂಬು ಇದೆ, ಕೆರೆ ಇದೆ; ಬಿದ್ದ ಮಳೆಯನ್ನು ಕಟ್ಟಿ ನಿಲ್ಲಿಸಿ, ತೂಬಿನಿಂದ ಅಳತೆಯಂತೆ ಬಿಟ್ಟುಕೊಂಡು ಬದುಕಿದ ಸೀಮೆ ಇದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರು ಈ ಹೋಬಳಿಯನ್ನು ನೋಡಿಯೇ ಇರುತ್ತೀರಿ. ರಾಗಿ ಹೊಲ, ದ್ರಾಕ್ಷಿ ಚಪ್ಪರ, ಅಲ್ಲಲ್ಲಿ ಸೊಂಟದೆತ್ತರದ ಹಿಪ್ಪುನೇರಳೆ ತೋಟ. ಯಾರೂ ನಿಂತು ನೋಡದಷ್ಟು ಸಾಮಾನ್ಯವಾದ ನೋಟ.

ಈ ಲೇಖನ ಆ ಹಿಪ್ಪುನೇರಳೆಯ ಒಂದು ಎಲೆಯ ಬಗ್ಗೆ. ಅದಕ್ಕೆ ದೊಡ್ಡ ಇತಿಹಾಸವಿದೆ. ಆ ಇತಿಹಾಸದಲ್ಲಿ ಒಬ್ಬ ಇಮಾಮರಿದ್ದಾರೆ, ಒಬ್ಬ ಸುಲ್ತಾನರಿದ್ದಾರೆ, ಹೆಸರು ಉಳಿಯದ ಸಾವಿರಾರು ರೈತರೂ ನೂಲು ಬಿಚ್ಚುವವರೂ ಇದ್ದಾರೆ. ಶಾಲೆಯ ಬಾಗಿಲು ಕಾಣದೆ ಹೋದ ಮಕ್ಕಳೂ ಇದ್ದಾರೆ. ಅವರನ್ನು ಬಿಟ್ಟು ಈ ಕಥೆ ಹೇಳಿದರೆ ಅದು ಪ್ರಾಮಾಣಿಕವಾಗುವುದಿಲ್ಲ.

ಮೊದಲು ಇಮಾಮರಿಂದ ಆರಂಭಿಸೋಣ. ಇಮಾಮ್ ಶಾಫಿಈ(ರ) ಅವರು ಹಿಜರಿ 150ರಲ್ಲಿ, ಅಂದರೆ ಕ್ರಿ.ಶ. 767ರಲ್ಲಿ ಗಾಝಾದಲ್ಲಿ ಹುಟ್ಟಿ, 820ರಲ್ಲಿ ಈಜಿಪ್ಟಿನಲ್ಲಿ ನಿಧನರಾದವರು. ಸೃಷ್ಟಿಕರ್ತನಿದ್ದಾನೆ ಎಂಬುದಕ್ಕೆ ಪುರಾವೆ ಏನು ಎಂದು ಅವರನ್ನು ಕೇಳಿದಾಗ ಅವರು ತರ್ಕಶಾಸ್ತ್ರದ ಗ್ರಂಥವನ್ನು ತೆರೆಯಲಿಲ್ಲವಂತೆ. ಹಿಪ್ಪುನೇರಳೆಯ ಎಲೆಯನ್ನು ತೋರಿಸಿದರಂತೆ. ಎಲೆಯ ರುಚಿ ಒಂದೇ. ಅದನ್ನು ಹುಳು ತಿಂದರೆ ರೇಷ್ಮೆಯಾಗುತ್ತದೆ, ಜೇನುನೊಣದಿಂದ ಜೇನು ಬರುತ್ತದೆ, ಕುರಿ ಮತ್ತು ದನ ತಿಂದರೆ ಸಗಣಿ ಹಿಕ್ಕೆಯಾಗುತ್ತದೆ, ಕಸ್ತೂರಿ ಮೃಗದಲ್ಲಿ ಕಸ್ತೂರಿಯಾಗುತ್ತದೆ. ವಸ್ತು ಒಂದೇ ಆಗಿರುವಾಗ ಈ ವೈವಿಧ್ಯವನ್ನು ಮಾಡಿದವರು ಯಾರು ಎಂಬುದು ಅವರ ಮಾತಿನ ಭಾವ. 14ನೇ ಶತಮಾನದಲ್ಲಿ ಡಮಾಸ್ಕಸ್‌ನ ವಿದ್ವಾಂಸ ಇಬ್ನ್ ಕಸೀರ್ ತಮ್ಮ ಪ್ರಸಿದ್ಧ ಕುರ್‌ಆನ್ ವ್ಯಾಖ್ಯಾನದಲ್ಲಿ, ಸೂರಾ ಅಲ್‌ಬಕರದ ಆರಂಭದ ಭಾಗದಲ್ಲಿ ಈ ಪ್ರಸಂಗವನ್ನು ದಾಖಲಿಸಿದ್ದಾರೆ.

ವಿಜ್ಞಾನ ಓದುವ ವಿದ್ಯಾರ್ಥಿಗಳು ಇಲ್ಲಿ ಕೈ ಎತ್ತುತ್ತೀರಿ ಎಂದು ಬಲ್ಲೆ. ಜೇನುನೊಣ ಎಲೆ ತಿನ್ನುವುದಿಲ್ಲವಲ್ಲ, ಹಿಪ್ಪುನೇರಳೆಯ ಪರಾಗ ಗಾಳಿಯಲ್ಲಿ ಹರಡುತ್ತದಲ್ಲ ಎಂದು ನೀವು ಕೇಳಬಹುದು. ಸರಿಯೇ. ಇಮಾಮರು ಪ್ರಾಣಿಶಾಸ್ತ್ರದ ಪಾಠ ಹೇಳುತ್ತಿರಲಿಲ್ಲ; ಕೈಗೆಟಕುವ ಒಂದು ವಸ್ತುವನ್ನು ಹಿಡಿದು ಯೋಚಿಸುವುದು ಹೇಗೆಂದು ತೋರಿಸುತ್ತಿದ್ದರು. ಜೇನು, ಕಸ್ತೂರಿಗಳನ್ನು ಪಕ್ಕಕ್ಕಿಟ್ಟರೂ ಉಳಿದದ್ದು ನಿಮ್ಮ ಕಣ್ಣೆದುರೇ ಇದೆ. ತೂಬಗೆರೆಯ ಕಡೆ ರೇಷ್ಮೆ ಸಾಕುವ ಮನೆಗೆ ಹೋಗಿ ನೋಡಿ. ಎಲೆಯನ್ನು ಹುಳು ತಿನ್ನುತ್ತದೆ. ಹುಳು ಬಿಟ್ಟ ಕಡ್ಡಿ, ಸೊಪ್ಪಿನ ಉಳಿಕೆಯನ್ನು ಹಸುವಿಗೆ, ಮೇಕೆಗೆ ಹಾಕುತ್ತಾರೆ. ಅಲ್ಲಿ ಅದು ಹಾಲಾಗುತ್ತದೆ. ಹುಳುವಿನ ಹಿಕ್ಕೆ ಮತ್ತು ಕೊಟ್ಟಿಗೆಯ ಗೊಬ್ಬರ ಮತ್ತೆ ತೋಟಕ್ಕೆ ಹೋಗಿ ಎಲೆಯಾಗುತ್ತದೆ. ಇಮಾಮರ ಮಾತಿನ ಅರ್ಧ ಭಾಗವನ್ನು ನಮ್ಮ ಜಿಲ್ಲೆಯ ರೈತ ದಿನಾಲೂ ಕೈಯಾರೆ ಮಾಡುತ್ತಾನೆ.

ಆದರೆ ಶಾಫಿಈ(ರ) ಅವರ ಮಾತು ಸೃಷ್ಟಿಕರ್ತನ ಇರವನ್ನು ತೋರಿಸುವಂಥದ್ದು. ಅವನ ಪ್ರೀತಿ ಎಲ್ಲಿದೆ? ಅದನ್ನು ತಿಳಿಯಲು ಕನ್ನಡದ ಒಂದು ಪದ ನಮಗೆ ನೆರವಾಗುತ್ತದೆ. ಹುಳುವನ್ನು ‘ಬೆಳೆಯುತ್ತೇವೆ’ ಎಂದು ರೇಷ್ಮೆ ರೈತ ಹೇಳುವುದಿಲ್ಲ, ‘ಸಾಕುತ್ತೇವೆ’ ಎನ್ನುತ್ತಾನೆ. ರಾಗಿಯನ್ನು ಬೆಳೆಯುತ್ತಾರೆ, ಮಕ್ಕಳನ್ನು ಸಾಕುತ್ತಾರೆ, ಹುಳುವನ್ನು ಸಾಕುತ್ತಾರೆ. ದಿನಕ್ಕೆ ಐದು ಬಾರಿಯ ನಮಾಝಿನಲ್ಲಿ ಪ್ರತಿ ರಕಅತ್‌ನಲ್ಲೂ ನಾವು ಅಲ್ಲಾಹನನ್ನು ‘ರಬ್ಬ್’ ಎಂದು ಕರೆಯುತ್ತೇವೆ. ಈ ಪದವನ್ನು ‘ಪ್ರಭು’, ‘ಒಡೆಯ’ ಎಂದು ಅನುವಾದಿಸುವುದು ರೂಢಿ. ಸುಮಾರು ಸಾವಿರ ವರ್ಷಗಳ ಹಿಂದೆ ಕುರ್‌ಆನಿನ ಪದಗಳಿಗೆ ಕೋಶ ರಚಿಸಿದ ರಾಗಿಬ್ ಅಲ್ ಇಸ್ಫಹಾನಿ ಇದಕ್ಕೆ ಕೊಟ್ಟ ಅರ್ಥ ಬೇರೆಯೇ ರುಚಿಯದು. ಒಂದು ವಸ್ತುವನ್ನು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ, ಹಂತಹಂತವಾಗಿ ಅದರ ಪೂರ್ಣತೆಯವರೆಗೆ ತರುವುದೇ ಈ ಪದದ ಮೂಲ ಎಂದು ಅವರು ವಿವರಿಸುತ್ತಾರೆ. ತರ್ಬಿಯತ್ ಎಂದು ನಾವು ಹೇಳುವುದು ಅದನ್ನೇ. ಕನ್ನಡದಲ್ಲಿ ಅದಕ್ಕೆ ‘ಸಾಕುವವನು’ ಎಂಬುದಕ್ಕಿಂತ ಹತ್ತಿರದ ಪದ ನನಗಂತೂ ತೋಚುವುದಿಲ್ಲ.

ಹಂತಹಂತವಾಗಿ ಎಂದರೇನು ಎಂಬುದನ್ನು ಹುಳುಮನೆಯಲ್ಲಿ ನೋಡಬೇಕು. ಮೊಟ್ಟೆಯೊಡೆದ ಹುಳು ಕಪ್ಪು ದಾರದ ತುಣುಕಿನಷ್ಟಿರುತ್ತದೆ. ಅದಕ್ಕೆ ಗಿಡದ ತುದಿಯ ಎಳೆಯ ಸೊಪ್ಪನ್ನೇ ಸಣ್ಣಗೆ ಕತ್ತರಿಸಿ ಹಾಕಬೇಕು. ಬಲಿತ ಎಲೆ ಅದಕ್ಕೆ ದಕ್ಕದು. ಇದೇ ಚಾಕಿ ಕಾಲ. ಸುಮಾರು 25 ದಿನಗಳಲ್ಲಿ ಅದು ನಾಲ್ಕು ಬಾರಿ ಪೊರೆ ಕಳಚುತ್ತದೆ. ರೈತರು ಅದನ್ನು ‘ಜ್ವರ’ ಎನ್ನುತ್ತಾರೆ. ಮೊದಲ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಕೊನೆಯ ಜ್ವರ ದಾಟಿದ ಮೇಲೆ ಹುಳುವಿನ ಹಸಿವು ಹೇಳತೀರದು. ಜೀವಮಾನದಲ್ಲಿ ಅದು ತಿನ್ನುವ ಸೊಪ್ಪಿನ ಶೇ. 80ಕ್ಕೂ ಹೆಚ್ಚು ಭಾಗ ಈ ಕೊನೆಯ ಏಳೆಂಟು ದಿನಗಳಲ್ಲಿ ಖರ್ಚಾಗುತ್ತದೆ. ಹುಟ್ಟಿದಾಗಿನ ತೂಕಕ್ಕೆ ಹೋಲಿಸಿದರೆ ಅದರ ತೂಕ ಸುಮಾರು ಹತ್ತು ಸಾವಿರ ಪಟ್ಟು ಏರಿರುತ್ತದೆ. ಆಮೇಲೆ ಮೈ ಹಳದಿ ಛಾಯೆಗೆ ತಿರುಗಿ ಪಾರದರ್ಶಕವಾಗುತ್ತದೆ. ಆಗ ‘ಹುಳು ಹಣ್ಣಾಯಿತು’ ಎನ್ನುತ್ತಾರೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ತಲೆಯನ್ನು ಅತ್ತಿತ್ತ ಆಡಿಸುತ್ತ ಎರಡು ಮೂರು ದಿನಗಳಲ್ಲಿ ನೂರಾರು ಮೀಟರ್ ಉದ್ದದ ಒಂದೇ ಎಳೆಯಿಂದ ಗೂಡು ಕಟ್ಟುತ್ತದೆ.

ಇದರಲ್ಲಿ ನನ್ನ ಮನಸ್ಸನ್ನು ಬಹುವಾಗಿ ಹಿಡಿದದ್ದು ಆ ಜ್ವರದ ದಿನಗಳು. ಜ್ವರಕ್ಕೆ ಕೂತ ಹುಳು ತಿನ್ನುವುದಿಲ್ಲ. ತಲೆಯೆತ್ತಿ ಅಲುಗಾಡದೆ ಸುಮಾರು ಒಂದು ಹಗಲು ಒಂದು ರಾತ್ರಿ ಇರುತ್ತದೆ. ಆಗ ಅನುಭವವಿಲ್ಲದವನು ಗಾಬರಿಯಾಗಿ ಸೊಪ್ಪು ಸುರಿಯುತ್ತಾನೆ. ಬಲ್ಲವನು ಸೊಪ್ಪು ನಿಲ್ಲಿಸಿ, ಹಾಸಿಗೆ ಒಣಗಲು ಬಿಟ್ಟು, ಮುಟ್ಟದೆ ಕಾಯುತ್ತಾನೆ. ಕೊಡುವುದು ಹೇಗೆ ಸಾಕಣೆಯೋ, ಆ ಹೊತ್ತಿನಲ್ಲಿ ಕೊಡದಿರುವುದೂ ಹಾಗೆಯೇ ಸಾಕಣೆ. ದುಆ ಮಾಡಿ ಮಾಡಿ ಉತ್ತರ ಕಾಣದೆ ಕುಳಿತ ದಿನಗಳು ನಿಮಗೂ ಇದ್ದಿರಬಹುದು. ಹಾಸಿಗೆ ಬರಿದಾಯಿತು, ಸಾಕುವವನು ಮರೆತ ಎಂದು ಹುಳುವಿಗೆ ಅನಿಸಿದರೆ ಅದನ್ನು ದೂರುವಂತಿಲ್ಲ; ಅದಕ್ಕೆ ಗೊತ್ತಿರುವುದು ಅಷ್ಟೇ. ಆದರೆ ಮನೆಯ ಯಜಮಾನ ಆ ರಾತ್ರಿ ಇತರ ರಾತ್ರಿಗಳಿಗಿಂತ ಹೆಚ್ಚು ಬಾರಿ ಎದ್ದು ಬಂದು ನೋಡುತ್ತಾನೆ.

ಈ ಹುಳು ನಮ್ಮ ಸೀಮೆಯದಲ್ಲ. ಮೂಲ ಚೀನಾ. ಆರನೇ ಶತಮಾನದ ನಡುವೆ ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿ ಸನ್ಯಾಸಿಗಳು ಗುಟ್ಟಾಗಿ ಮೊಟ್ಟೆ ತಂದು ಬೈಜಾಂಟಿಯಂಗೆ ಮುಟ್ಟಿಸಿದರು ಎನ್ನುತ್ತದೆ ಇತಿಹಾಸ. ಮುಸ್ಲಿಮರು ಹಿಪ್ಪುನೇರಳೆಯನ್ನೂ ಹುಳುವನ್ನೂ ಅಂದಲೂಸ್‌ಗೆ, ಅಂದರೆ ಇಂದಿನ ಸ್ಪೇನಿಗೆ ಒಯ್ದರು. ಅಲ್ಲಿನ ಅಲ್ಮೆರಿಯಾ ಪಟ್ಟಣ ರೇಷ್ಮೆಗೆ ಹೆಸರಾಯಿತು. ಇತ್ತ ಬಂಗಾಳದಲ್ಲೂ ಸಾಕಣೆ ಬೇರೂರಿತ್ತು. ನಮ್ಮ ಕಥೆ ಬಂಗಾಳದಿಂದ ಮುಂದುವರಿಯುತ್ತದೆ.

ತೂಬಗೆರೆಗೆ ನೆರೆಯ ದೇವನಹಳ್ಳಿಯಲ್ಲಿ 1750ರಲ್ಲಿ ಹುಟ್ಟಿದ ಟಿಪ್ಪು ಸುಲ್ತಾನರ ಪತ್ರಗಳನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ ಎಂಬ ಅಧಿಕಾರಿ ಇಂಗ್ಲಿಷಿಗೆ ಅನುವಾದಿಸಿ 1811ರಲ್ಲಿ ಪ್ರಕಟಿಸಿದ. ಅನುವಾದಕ ಸುಲ್ತಾನರ ಅಭಿಮಾನಿಯೇನಲ್ಲ. ಅದರಲ್ಲಿ 1786ರ ಸೆಪ್ಟೆಂಬರ್ ತಿಂಗಳ ಒಂದು ಪತ್ರ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದದ್ದು. ಮರಾಠರು ಮತ್ತು ನಿಜಾಮರೊಂದಿಗೆ ಯುದ್ಧ ನಡೆಯುತ್ತಿದ್ದ ವರ್ಷ ಅದು. ಪತ್ರದ ವಿಷಯ ಮಾತ್ರ ಹುಳು. ರೇಷ್ಮೆ ಹುಳು ತರಲು ಬಂಗಾಳಕ್ಕೆ ಕಳಿಸಿದ್ದ ಇಬ್ಬರು ಮರಳಿ ಬರುತ್ತಿದ್ದಾರೆ. ಅವರಲ್ಲಿ ಒಬ್ಬನ ಹೆಸರು ಕಸ್ತೂರಿ ರಂಗ. ಅವರು ಬಂದೊಡನೆ ಹುಳುಗಳನ್ನು ಎಂಥ ಜಾಗದಲ್ಲಿಡಬೇಕೆಂದು ಅವರಿಂದಲೇ ಕೇಳಿ ತಿಳಿದುಕೊಳ್ಳಬೇಕು; ಮೊದಲೇ ನೆಡಲು ಹೇಳಿದ್ದ ಹಿಪ್ಪುನೇರಳೆಯ ಎಲೆಯನ್ನು ಒದಗಿಸಬೇಕು; ಎಷ್ಟು ಹುಳು ಬಂದವು, ಅವನ್ನು ಹೆಚ್ಚಿಸುವ ಬಗೆ ಹೇಗೆ ಎಂಬುದನ್ನು ತಮಗೆ ವರದಿ ಮಾಡಬೇಕು. ಹಳೆಯ ಅರಮನೆಯ ಹಿಂದೆ ಖಾಲಿ ಜಾಗವಿದೆ, ಸದ್ಯಕ್ಕೆ ಅದರ ಹತ್ತಿರವೇ ಸ್ಥಳ ಸಿದ್ಧಪಡಿಸು ಎಂಬ ಸೂಚನೆಯೂ ಇದೆ.

ಟಿಪ್ಪು ಸುಲ್ತಾನರ ಬಗ್ಗೆ ನಮ್ಮ ನಾಡಿನಲ್ಲಿ ಎರಡು ದಿಕ್ಕಿನಿಂದಲೂ ಕೂಗಾಟ ಸಾಕಷ್ಟು ನಡೆದಿದೆ. ನಾನು ನಿಮ್ಮನ್ನು ಕೇಳುವುದಿಷ್ಟೇ: ಈ ಪತ್ರದಲ್ಲಿರುವ ಕ್ರಮವನ್ನು ಗಮನಿಸಿ. ಹುಳು ಬರುವ ಮೊದಲೇ ಗಿಡ ನೆಡಿಸಿದ್ದಾರೆ. ಕುರ್‌ಆನ್ ಸೂರಾ ಹೂದ್‌ನಲ್ಲಿ ಭೂಮಿಯ ಮೇಲೆ ಚಲಿಸುವ ಪ್ರತಿಯೊಂದು ಜೀವಿಯ ಅನ್ನಾಧಾರದ ಹೊಣೆ ಅಲ್ಲಾಹನ ಮೇಲಿದೆ ಎಂದು ತಿಳಿಸುತ್ತದೆ. ಆ ರಿಝ್ಕ್ ಒಂದು ಹುಳುವಿಗೆ ತಲುಪಿದ ದಾರಿಯಲ್ಲಿ ಯುದ್ಧದ ನಡುವೆ ಕುಳಿತ ಒಬ್ಬ ಅರಸನ ಪತ್ರ, ಕಸ್ತೂರಿ ರಂಗ ಮತ್ತು ಅವನ ಜೊತೆಗಾರನ ಪ್ರಯಾಣ, ಗಿಡ ನೆಟ್ಟ ಕೂಲಿಯವನ ಗುದ್ದಲಿ ಎಲ್ಲವೂ ಇವೆ.

1799ರಲ್ಲಿ ಸುಲ್ತಾನರು ಹುತಾತ್ಮರಾದ ಮೇಲೂ ಹುಳು ಉಳಿಯಿತು. ಹಸಿರು ಮಿಶ್ರಿತ ಹಳದಿ ಗೂಡು ಕಟ್ಟುವ ‘ಮೈಸೂರು ತಳಿ’ ಇಲ್ಲಿನ ಹವೆಗೆ ಒಗ್ಗಿಕೊಂಡಿತು. 1890ರ ದಶಕದಲ್ಲಿ ಜೆಮ್‌ಶೆಟ್‌ಜಿ ಟಾಟಾ ಅವರು ಜಪಾನಿ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿದರು. ಬಸವನಗುಡಿಯ ಕಡೆ ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಇನ್ನೂ ಉಳಿದಿದೆ. 1912ರಲ್ಲಿ ಮೈಸೂರಿನಲ್ಲಿ ಸರ್ಕಾರಿ ರೇಷ್ಮೆ ಕಾರ್ಖಾನೆ ಬಂತು. ನಮ್ಮ ಭಾಗದಲ್ಲಿ ವಿಜಯಪುರ, ಶಿಡ್ಲಘಟ್ಟಗಳಲ್ಲಿ ಗೂಡಿನ ಮಾರುಕಟ್ಟೆಗಳು ಬೆಳೆದವು, ದೊಡ್ಡಬಳ್ಳಾಪುರದಲ್ಲಿ ಮಗ್ಗಗಳು. ಹಳ್ಳಿಯ ರೈತ ಸಾಕುತ್ತಾನೆ. ಶಿಡ್ಲಘಟ್ಟ, ವಿಜಯಪುರ, ರಾಮನಗರಗಳ ಬಿಚ್ಚಣಿಕೆದಾರರಲ್ಲಿ ಬಹಳ ಮಂದಿ ಮುಸ್ಲಿಮರು. ನೇಯುವವರು ನೇಕಾರ ಸಮುದಾಯಗಳವರು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಗಂಜಿಯಿಲ್ಲ.

ಹುಳುವಿಗೆ ರೋಗಗಳೂ ಬಂದವು. ಹತ್ತೊಂಬತ್ತನೇ ಶತಮಾನದಲ್ಲಿ ಪೆಬ್ರಿನ್ ಎಂಬ ರೋಗ ಯುರೋಪಿನ ಸಾಕಣೆಯನ್ನು ನೆಲಕಚ್ಚಿಸಿದಾಗ ಫ್ರಾನ್ಸಿನ ಲೂಯಿ ಪಾಶ್ಚರ್ 1865ರಿಂದ ಐದು ವರ್ಷ ಅದರ ಬೆನ್ನುಹತ್ತಿದರು. ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ. ಆದ್ದರಿಂದ ಮೊಟ್ಟೆಯಿಟ್ಟ ತಾಯಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿದ್ದರೆ ಆ ಮೊಟ್ಟೆಗಳನ್ನು ಸುಟ್ಟುಬಿಡಬೇಕು. ತೂಬಗೆರೆಯ ರೈತ ಇಂದು ತರುವ ‘ರೋಗರಹಿತ ಮೊಟ್ಟೆ’ಯ ಹಿಂದೆ ಇರುವುದು ಅದೇ ವಿಧಾನ. 1980ರಲ್ಲಿ ಊಜಿ ನೊಣ ನಮ್ಮ ರಾಜ್ಯಕ್ಕೆ ಬಂತು. ಎಲ್ಲಿಂದ ಗೊತ್ತೇ? ಬಂಗಾಳದಿಂದ, ಗೂಡುಗಳ ಜೊತೆಗೆ. ಹುಳು ಬಂದ ದಾರಿಯಲ್ಲೇ ಅದರ ಶತ್ರುವೂ ಬಂತು, ಇನ್ನೂರು ವರ್ಷ ತಡವಾಗಿ. ಅದಕ್ಕೇ ಹುಳುಮನೆಯ ಕಿಟಕಿ ಬಾಗಿಲಿಗೆ ಸೊಳ್ಳೆ ಪರದೆಯಂಥ ಜಾಲರಿ.

ಇನ್ನು ಒಂದು ಪ್ರಶ್ನೆಯಿದೆ, ಅದನ್ನು ಮಕ್ಕಳು ದೊಡ್ಡವರಿಗಿಂತ ಮೊದಲೇ ಕೇಳುತ್ತಾರೆ. ಇಷ್ಟೆಲ್ಲ ಸಾಕಿ, ಕೊನೆಗೆ ಗೂಡನ್ನು ಬೇಯಿಸಿ ಒಳಗಿನ ಜೀವವನ್ನು ಕೊಲ್ಲುತ್ತೀರಲ್ಲ, ಇದೆಂಥ ಪ್ರೀತಿ? ಚಿಟ್ಟೆ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ; ಆದ್ದರಿಂದ ಹಾಗೆ ಮಾಡುತ್ತಾರೆ. ಬಿತ್ತನೆಗೂಡಿನಿಂದ ಹೊರಬಂದ ಚಿಟ್ಟೆಯೂ ಏನನ್ನೂ ತಿನ್ನದೆ, ಹಾರಲಾರದೆ, ನಾನೂರು ಐನೂರು ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ ಎಂದು ನಾನು ಸಮಾಧಾನ ಹೇಳಬಹುದು. ಆದರೆ ಅದು ಪೂರ್ತಿ ಉತ್ತರವಲ್ಲ. ಅಲ್ಲಾಹನು ಪ್ರಾಣಿಗಳನ್ನು ನಮ್ಮ ಉಪಯೋಗಕ್ಕೆ ಒಳಪಡಿಸಿದ್ದಾನೆ. ಆ ಅನುಮತಿಗೆ ಲೆಕ್ಕವೂ ಇದೆ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಅದು ಹೋಗಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ಶಿಕ್ಷೆಗೆ ಗುರಿಯಾದಳೆಂಬ ಹದೀಸ್ ನಿಮಗೆ ಗೊತ್ತಿರಬಹುದು. ರೇಷ್ಮೆ ಹುಳುವಿನ ಸ್ಥಿತಿ ಆ ಬೆಕ್ಕಿಗಿಂತ ಬಿಗಿ. ಸಾವಿರಾರು ವರ್ಷ ಮನುಷ್ಯರ ಕೈಯಲ್ಲೇ ಬೆಳೆದು, ಅದು ಹೊರಗೆ ಹೋಗಿ ಬದುಕುವ ಶಕ್ತಿಯನ್ನೇ ಕಳೆದುಕೊಂಡಿದೆ. ಸೊಪ್ಪು ತಡವಾದರೆ ತಟ್ಟೆಯಲ್ಲೇ ಕಾಯುತ್ತದೆ. ಮದುವೆ ಮನೆಯಿಂದ ರೈತನ ಹೆಂಡತಿ ಊಟದ ಹೊತ್ತಿಗೆ ಮೊದಲೇ ‘ಹುಳ ಹಸಿದಿರುತ್ತೆ’ ಎಂದು ಎದ್ದು ಹೊರಡುವುದಿದೆ. ಅಲ್ಲಾಹನು ಕರುಣೆಯನ್ನು ನೂರು ಪಾಲು ಮಾಡಿ ಒಂದೇ ಪಾಲನ್ನು ಭೂಮಿಗೆ ಇಳಿಸಿದ, ಕುದುರೆ ತನ್ನ ಮರಿಯನ್ನು ತುಳಿಯದಂತೆ ಗೊರಸೆತ್ತುವುದೂ ಆ ಪಾಲಿನಿಂದಲೇ ಎಂದು ಪ್ರವಾದಿ(ಸ) ತಿಳಿಸಿದ್ದಾರೆ. ಆ ಹೆಂಗಸು ಮದುವೆ ಊಟ ಬಿಟ್ಟು ಎದ್ದದ್ದನ್ನೂ ಅದೇ ಲೆಕ್ಕಕ್ಕೆ ಸೇರಿಸಲು ನನಗೆ ಹಿಂಜರಿಕೆಯಿಲ್ಲ.

ರೇಷ್ಮೆಯ ಬಗ್ಗೆ ಶರೀಅತ್‌ನ ನಿಲುವು ನಿಮಗೆ ತಿಳಿದದ್ದೇ. ಸ್ತ್ರೀಯರಿಗೆ ಅನುಮತಿ, ಪುರುಷರಿಗೆ ನಿಷಿದ್ಧ. ಮೈ ತುರಿಕೆಯಿಂದ ಬಳಲುತ್ತಿದ್ದ ಇಬ್ಬರು ಸಹಾಬಿಗಳಿಗೆ, ಝುಬೈರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೆ, ಪ್ರವಾದಿ(ಸ) ರೇಷ್ಮೆ ತೊಡಲು ರಿಯಾಯಿತಿ ಕೊಟ್ಟರು. ನಿಯಮದೊಳಗೂ ಕರುಣೆಗೆ ಜಾಗವಿದೆ. ಸೂರಾ ಅದ್ದಹ್ರ್ ರೇಷ್ಮೆಯ ಉಡುಪನ್ನು ಸ್ವರ್ಗದಲ್ಲಿ ಸಹನೆಯ ಪ್ರತಿಫಲವಾಗಿ ಹೇಳುತ್ತದೆ. ಹಾಗಾಗಿ ಶಿಡ್ಲಘಟ್ಟದ ಬಿಚ್ಚಣಿಕೆದಾರ ಜೀವಮಾನವಿಡೀ ರೇಷ್ಮೆಯಲ್ಲಿ ಕೈಯಾಡಿಸಿಯೂ ಒಂದು ದಿನ ಅದನ್ನು ತೊಡದೆ ಹೋಗುತ್ತಾನೆ.

ಈಗ ಮಕ್ಕಳ ವಿಷಯ. ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಎಳೆಯ ತುದಿಯನ್ನು ಬೆರಳಿನಿಂದ ಹುಡುಕಿ ಚರಕಕ್ಕೆ ಕೊಡಬೇಕು. ಸಣ್ಣ ಬೆರಳಿಗೆ ತುದಿ ಬೇಗ ಸಿಗುತ್ತದೆ ಎಂಬ ಮಾತನ್ನು ನೆಪ ಮಾಡಿಕೊಂಡು ದಶಕಗಳ ಕಾಲ ಈ ಉದ್ಯಮ ಮಕ್ಕಳನ್ನು ಬಳಸಿತು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿನ ಜೀತದ ಮಕ್ಕಳ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕದ ಬಿಚ್ಚಣಿಕೆ ಘಟಕಗಳೂ ಇದ್ದವು: ಬೆಂದ ಬೆರಳು, ಹೊಗೆ, ಸಾಲಕ್ಕೆ ಪ್ರತಿಯಾಗಿ ದುಡಿತ. ಮಾಲೀಕರಲ್ಲೂ ಮಕ್ಕಳಲ್ಲೂ ನಮ್ಮ ಸಮುದಾಯದವರಿದ್ದರು. ಇದನ್ನು ಬೇರೆಯವರ ಪಿತೂರಿ ಎಂದು ತಳ್ಳಿಹಾಕುವುದು ಸುಲಭ, ಅದು ಸತ್ಯವಲ್ಲ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದೆಂದು ಬಲ್ಲ ಜನ, ಹತ್ತು ವರ್ಷದ ಹುಡುಗನ ಎಳೆಯ ಕಾಲವನ್ನು ಮುಟ್ಟಿ ಕೆಡಿಸಿದೆವು. ಚಾಕಿ ಹುಳುವಿಗೆ ತುದಿಯ ಎಳೆ ಸೊಪ್ಪನ್ನೇ ಆರಿಸಿ ಕೊಡುವ ಕೈಗಳಿರುವ ಸೀಮೆಯಲ್ಲಿ ಆ ಹುಡುಗನಿಗೆ ಸಿಕ್ಕಿದ್ದು ಬಿಸಿನೀರು.

ಅಂದಿನಿಂದ ಬಹಳಷ್ಟು ಬದಲಾಗಿದೆ. 2009ರಲ್ಲಿ ಕಡ್ಡಾಯ ಶಿಕ್ಷಣದ ಕಾಯಿದೆ ಬಂತು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗದಲ್ಲೂ ದುಡಿಸುವಂತಿಲ್ಲ. ಶಾಲೆಯ ಹೊತ್ತಿನ ಆಚೆ ಮನೆಯ ಕಸುಬಿಗೆ ನೆರವಾಗಬಹುದೆಂಬ ಸಡಿಲಿಕೆ ಉಳಿದಿದೆ. ಕೆಲವು ಕಡೆ ಸ್ವಯಂಚಾಲಿತ ಬಿಚ್ಚಣಿಕೆ ಯಂತ್ರಗಳು ಬಂದಿವೆ. ನಮ್ಮಂಥ ಶಿಕ್ಷಣ ಸಂಘಗಳ ಸದಸ್ಯರು ಮಗು ಯಾಕೆ ಶಾಲೆಗೆ ಬಂದಿಲ್ಲ ಎಂದು ಬಿಚ್ಚಣಿಕೆದಾರರ ಬೀದಿಗಳಲ್ಲಿ ಬಾಗಿಲು ತಟ್ಟುವ ಕೆಲಸ ಮಾತ್ರ ಮುಗಿದಿಲ್ಲ. ಮನೆಯ ಕಸುಬು ಎಂಬ ಆ ಸಡಿಲಿಕೆಯ ಬಾಗಿಲ ಹಿಂದೆಯೇ ಮೊದಲು ವಿಚಾರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಇಷ್ಟು ಓದಿದ ಮೇಲೆ ಒಮ್ಮೆ ಹೋಗಿ ನೋಡಬೇಕೆನಿಸಿದರೆ, ತೂಬಗೆರೆ ಕಡೆಯ ಸಹಪಾಠಿಯೊಬ್ಬರನ್ನು ವಿಚಾರಿಸಿ. ಹುಳು ನಾಲ್ಕನೇ ಜ್ವರ ದಾಟಿ ಎರಡು ಮೂರು ದಿನವಾಗಿರಬೇಕು. ಇಶಾ ನಮಾಝಿನ ನಂತರ, ರಾತ್ರಿಯ ಸೊಪ್ಪು ಹಾಕುವ ಹೊತ್ತಿಗೆ ಹೋಗಿ. ಚಪ್ಪಲಿ ಹೊರಗೆ ಬಿಡಿ, ಕೈಕಾಲು ತೊಳೆದು ಒಳಗೆ ಹೋಗಿ; ಅತ್ತರು ಹಚ್ಚಿಕೊಳ್ಳಬೇಡಿ, ಘಾಟು ವಾಸನೆ ಹುಳುವಿಗೆ ಆಗದು. ಸೊಪ್ಪು ಹರಡಿ ಮುಗಿದ ಮೇಲೆ ಎಲ್ಲರೂ ಸ್ವಲ್ಪ ಹೊತ್ತು ಮಾತು ನಿಲ್ಲಿಸಿ. ನಲವತ್ತು ಸಾವಿರ ಹುಳುಗಳು ಒಟ್ಟಿಗೆ ಎಲೆ ಕಡಿಯುವ ಸದ್ದು ಕೇಳಿಸುತ್ತದೆ. ಮೊದಲ ಬಾರಿ ಕೇಳುವವರು ಮಳೆ ಬಂತೇನೋ ಎಂದು ಬಾಗಿಲ ಕಡೆ ತಿರುಗಿ ನೋಡುತ್ತಾರೆ.